ಬೈಲಕುಪ್ಪೆಯ ತಂದೆತಾಯಿಗಳು

ಮೈಸೂರಿನಿಂದ ಮಡಿಕೇರಿಗೆ ಹೋಗುವ ದಾರಿಯಲ್ಲಿ ಪಿರಿಯಾಪಟ್ಟಣವನ್ನು ದಾಟಿ, ಕುಶಾಲನಗರಕ್ಕೆ ಇನ್ನೂ ನಾಲ್ಕಾರು ಮೈಲಿ ಉಳಿದಿದೆ ಎನ್ನುವಾಗ ಬೈಲಕುಪ್ಪೆ ಸಿಗುತ್ತದೆ. ರಜೆಯ ದಿನಗಳಲ್ಲಿ ಅಲ್ಲಿ ಇಳಿಯುವ ನಮ್ಮವರಿಗೆ ಲೆಕ್ಕವಿಲ್ಲ. ಪೆನೋರ್ ರಿನ್‌ಪೋಚೆಯವರು 1963ರಲ್ಲಿ ಸ್ಥಾಪಿಸಿದ ನಮ್ಡ್ರೋಲಿಂಗ್ ವಿಹಾರ ಅಲ್ಲಿದೆ. ಆ ವಿಹಾರದಲ್ಲಿ 1999ರಲ್ಲಿ ಪೂರ್ಣಗೊಂಡ ದೊಡ್ಡ ಮಂದಿರಕ್ಕೆ ಜನ 'ಗೋಲ್ಡನ್ ಟೆಂಪಲ್' ಎಂದು ಹೆಸರಿಟ್ಟಿದ್ದಾರೆ. ಬುದ್ಧನ ಬಂಗಾರದ ಬಣ್ಣದ ಮೂರ್ತಿಗಳನ್ನು ನೋಡಿ, ಹೊರಗೆ ಮೊಮೊ ತಿಂದು, ಮಕ್ಕಳಿಗೊಂದು ಆಟದ ಸಾಮಾನು ಕೊಂಡು, ಎಲ್ಲರೂ ಸಂಜೆಯೊಳಗೆ ಬಸ್ಸು ಹತ್ತುತ್ತಾರೆ. ಅವರಲ್ಲಿ ಹೆಚ್ಚಿನವರು ಟಿಬೆಟನ್ನರ ಮನೆಗಳಿರುವ ಒಳದಾರಿಗಳ ಕಡೆಗೆ ತಿರುಗುವುದಿಲ್ಲ.

ಆ ಒಳದಾರಿಗಳಲ್ಲಿ ನಾನು ಅನೇಕ ಸಲ ನಡೆದಿದ್ದೇನೆ. ಅಲ್ಲಿಯ ಊರುಗಳಿಗೆ ಟಿಬೆಟನ್ ಹೆಸರುಗಳಿದ್ದರೂ ನಮ್ಮ ಆಟೋದವರೂ ಕೂಲಿಯವರೂ 'ಒಂದನೇ ಕ್ಯಾಂಪು', 'ಎರಡನೇ ಕ್ಯಾಂಪು' ಎಂದೇ ಕರೆಯುತ್ತಾರೆ. ಟಿಬೆಟನ್ನರೂ ಹಾಗೆಯೇ ಅನ್ನುತ್ತಾರೆ. ಆರು ದಶಕ ಕಳೆದು, ಹೆಂಚಿನ ಮನೆಗಳು ತಾರಸಿಯ ಮನೆಗಳಾದರೂ 'ಕ್ಯಾಂಪು' ಎಂಬ ಮಾತು ಹೋಗಿಲ್ಲ. ಕ್ಯಾಂಪು ಎಂದರೆ ಬೀಡು. ಇಂದು ಬಿಟ್ಟು ನಾಳೆ ಎತ್ತುವಂಥದು. ಎತ್ತಬೇಕಾದ ಬೀಡಿನಲ್ಲಿ ಕುಳಿತು ತೊಟ್ಟಿಲು ಕಟ್ಟಿದವರ ಸಂಗತಿಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಟಿಬೆಟನ್ನರ ಪುನರ್ವಸತಿಯ ಇತಿಹಾಸವನ್ನು ಬರೆಯುವವರು ಎಕರೆಗಳನ್ನೂ ವಿಹಾರಗಳನ್ನೂ ಎಣಿಸುತ್ತಾರೆ, ಅದು ಯಶಸ್ವಿಯಾಯಿತೆಂದು ಹೇಳುತ್ತಾರೆ. ಆ ಮಾತನ್ನು ನಾನೂ ಒಪ್ಪುತ್ತೇನೆ. ಆದರೆ ಅದೇ ಇತಿಹಾಸವನ್ನು ಬೇರೊಂದು ಅಳತೆಗೋಲಿನಿಂದಲೂ ಅಳೆಯಬಹುದು. ಮಕ್ಕಳು ಎಷ್ಟು ವರ್ಷ ಹೆತ್ತವರ ಪಕ್ಕದಲ್ಲಿ ಮಲಗಿದರು ಎಂದು ಕೇಳಿದರೆ ಕಥೆ ಸ್ವಲ್ಪ ಬೇರೆಯಾಗುತ್ತದೆ.

1959ರ ಮಾರ್ಚ್ ತಿಂಗಳಲ್ಲಿ ಲ್ಹಾಸಾದಲ್ಲಿ ಚೀನೀ ಸೇನೆಯ ವಿರುದ್ಧ ದಂಗೆಯೆದ್ದಿತು. ಅದೇ ತಿಂಗಳ 17ರ ರಾತ್ರಿ ದಲೈ ಲಾಮಾ ನೊರ್ಬುಲಿಂಕಾ ಅರಮನೆಯನ್ನು ಬಿಟ್ಟು ಹೊರಟರು. ಎರಡು ವಾರ ಬೆಟ್ಟದ ದಾರಿಯಲ್ಲಿ ನಡೆದು 31ರಂದು ಭಾರತದ ಗಡಿಯನ್ನು ದಾಟಿದರು. ಏಪ್ರಿಲ್ 3ರಂದು ಪ್ರಧಾನಿ ನೆಹರೂ ಅವರು ಲೋಕಸಭೆಯಲ್ಲಿ ಈ ಸಂಗತಿಯನ್ನು ತಿಳಿಸಿದರು. ಅವರ ಹಿಂದೆ ಬಂದ ಜನ ಸುಮಾರು 80,000. ಇಷ್ಟನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ.

ಆ ಎಂಬತ್ತು ಸಾವಿರದಲ್ಲಿ ಎಷ್ಟೋ ಜನ ಬೆನ್ನಿಗೆ ಕೂಸನ್ನು ಕಟ್ಟಿಕೊಂಡು ಬಂದವರು. ಹಿಮದ ಕಣಿವೆಗಳನ್ನು ರಾತ್ರಿಯ ಹೊತ್ತು ದಾಟಬೇಕಾಗಿದ್ದಾಗ ಅಳುವ ಕೂಸಿನ ಬಾಯನ್ನು ಮುಚ್ಚುವುದೇ ತಾಯಿಯ ಮೊದಲ ಕೆಲಸವಾಗುತ್ತದೆ. ಕೂಸನ್ನು ತರಲಾಗದೆ ಬಂದವರೂ ಇದ್ದರು. ರಿಂಚೆನ್ ಡೋಲ್ಮಾ ತಾರಿಂಗ್ ಎಂಬ ಲ್ಹಾಸಾದ ದೊಡ್ಡ ಮನೆತನದ ಹೆಂಗಸು ದಂಗೆಯ ನಡುವೆ ಒಬ್ಬರೇ ತಪ್ಪಿಸಿಕೊಳ್ಳಬೇಕಾಯಿತು. ಮಕ್ಕಳು ಮೊಮ್ಮಕ್ಕಳಿಗೆ ಹೋಗಿಬರುತ್ತೇನೆಂದು ಹೇಳುವುದಕ್ಕೂ ಅವರಿಗೆ ಆಗಲಿಲ್ಲ. ಅವರ ಗಂಡ ಬೇರೆ ದಾರಿ ಹಿಡಿದು ಭಾರತವನ್ನು ಸೇರಿದರು. ಮುಂದೆ ಈ ತಾಯಿ ಮಸ್ಸೂರಿಯಲ್ಲಿ ನಿರಾಶ್ರಿತ ಮಕ್ಕಳಿಗಾಗಿ ತೆರೆದ ಮನೆಗಳನ್ನು ವರ್ಷಗಟ್ಟಲೆ ನಡೆಸಿದರು. ತನ್ನ ಮಕ್ಕಳನ್ನು ಬಿಟ್ಟು ಬಂದವಳು ಪರರ ನೂರಾರು ಮಕ್ಕಳಿಗೆ ತಲೆ ಬಾಚಿದಳು. ತಮ್ಮ ಬಾಳಿನ ಕಥೆಯನ್ನು ಅವರೇ ಬರೆದಿದ್ದಾರೆ. ನಾನು ಅದನ್ನು ಹೆಚ್ಚು ಹಿಗ್ಗಿಸಬೇಕಾಗಿಲ್ಲ.

ಬಂದವರನ್ನು ಸರ್ಕಾರ ಮೊದಲು ಅಸ್ಸಾಮಿನ ಮಿಸ್ಸಾಮಾರಿ, ಬಂಗಾಳದ ಬಕ್ಸಾ ಎಂಬ ಎರಡು ಶಿಬಿರಗಳಲ್ಲಿ ಇಟ್ಟಿತು. ಬಕ್ಸಾ ಬ್ರಿಟಿಷರ ಕಾಲದಲ್ಲಿ ನಮ್ಮ ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕಿದ್ದ ಸೆರೆಮನೆ, ಅಲ್ಲಿ ಭಿಕ್ಷುಗಳಿದ್ದರು. ಸಂಸಾರಸ್ಥರಲ್ಲಿ ಬಹಳ ಮಂದಿ ಮಿಸ್ಸಾಮಾರಿಯ ಬಿದಿರಿನ ಗುಡಿಸಿಲುಗಳಲ್ಲಿ ಇಳಿದರು. ಲ್ಹಾಸಾ ಇರುವುದು ಸುಮಾರು 12,000 ಅಡಿ ಎತ್ತರದಲ್ಲಿ. ಅಲ್ಲಿಯ ಒಣ ಚಳಿಗೆ ಒಗ್ಗಿದ ಮೈ ಅಸ್ಸಾಮಿನ ಮಳೆ ಸೆಕೆಗಳನ್ನು ತಡೆಯಲಿಲ್ಲ. ಕ್ಷಯ ಹಬ್ಬಿತು, ಆಮಶಂಕೆ ಹಬ್ಬಿತು. ಮೊದಲು ಸತ್ತವರು ಮುದುಕರು ಮತ್ತು ಮಕ್ಕಳು. ತಣ್ಣಗಿನ ಊರುಗಳಿಗೆ ಕಳುಹಿಸುವುದೇ ಮೇಲೆಂದು ತೋರಿ ಸರ್ಕಾರ ಸಾವಿರಾರು ಮಂದಿಯನ್ನು ಹಿಮಾಲಯದ ರಸ್ತೆ ಕೆಲಸಕ್ಕೆ ಹಚ್ಚಿತು. ಹಿಮಾಚಲ, ಕಾಶ್ಮೀರ, ಸಿಕ್ಕಿಂಗಳ ಅನೇಕ ಬೆಟ್ಟದ ರಸ್ತೆಗಳಲ್ಲಿ ಟಿಬೆಟಿನ ಗಂಡಸು ಹೆಂಗಸರ ಬೆವರು ಬಿದ್ದಿದೆ.

ರಸ್ತೆ ಕೆಲಸದಲ್ಲಿ ಮಗುವನ್ನು ಎಲ್ಲಿಡುವುದು? ಗುಡ್ಡ ಸಿಡಿಸುವ ಸ್ಥಳದಲ್ಲಿ, ಧೂಳಿನಲ್ಲಿ, ಗುಡಾರದ ಗೂಟಕ್ಕೆ ಕಟ್ಟಿ ಕೂರಿಸಿದರೆ ಸಂಜೆಗೆ ಅದು ಬದುಕಿದ್ದರೆ ಪುಣ್ಯ. ಕೂಲಿಗೆ ಹೋಗದಿದ್ದರೆ ಗಂಜಿಯಿಲ್ಲ. ಹೋದರೆ ಮಗುವಿಗೆ ದಿಕ್ಕಿಲ್ಲ. ಜೊತೆಗೆ ಕೆಲಸ ಮುಂದೆ ಸಾಗಿದಂತೆಲ್ಲ ಗುಡಾರವೂ ಸಾಗಬೇಕು; ಶಾಲೆಯ ಮಾತಂತೂ ದೂರವೇ ಉಳಿಯಿತು. ಹೀಗಿರುವಾಗ 1960ರ ಮೇ 17ರಂದು ಜಮ್ಮುವಿನ ಕಡೆಯ ರಸ್ತೆ ಶಿಬಿರದಿಂದ 51 ಮಕ್ಕಳು ಧರ್ಮಶಾಲೆಗೆ ಬಂದರು. ಕಾಯಿಲೆಬಿದ್ದು ಸೊರಗಿದ್ದ ಆ ಮಕ್ಕಳನ್ನು ನೋಡಿಕೊಳ್ಳುತ್ತೇನೆಂದು ದಲೈ ಲಾಮಾ ಅವರ ಅಕ್ಕ ತ್ಸೆರಿಂಗ್ ಡೋಲ್ಮಾ ಮುಂದೆ ಬಂದರು. ಆ ಶಿಶುವಿಹಾರಕ್ಕೆ ಬರುವ ಮಕ್ಕಳ ಸಂಖ್ಯೆ ಕೆಲವೇ ವರ್ಷಗಳಲ್ಲಿ ನೂರಾರಾಯಿತು. ಒಂದೊಂದು ಮಂಚದ ಮೇಲೆ ನಾಲ್ಕೈದು ಮಕ್ಕಳನ್ನು ಅಡ್ಡಡ್ಡಲಾಗಿ ಮಲಗಿಸುತ್ತಿದ್ದ ಕಾಲ ಅದು. 1964ರಲ್ಲಿ ತ್ಸೆರಿಂಗ್ ಡೋಲ್ಮಾ ತೀರಿಕೊಂಡಮೇಲೆ ಅವರ ತಂಗಿ ಜೆತ್ಸುನ್ ಪೆಮಾ ಆ ಹೊರೆಯನ್ನು ಹೊತ್ತು, ನಾಲ್ವತ್ತು ವರ್ಷಗಳಿಗೂ ಹೆಚ್ಚು ಕಾಲ ನಡೆಸಿದರು. 'ಟಿಬೆಟನ್ ಮಕ್ಕಳ ಗ್ರಾಮ' ಎಂದು ಇಂದು ಹೆಸರಾಗಿರುವ ಸಂಸ್ಥೆ ಅದೇ.

ಅಲ್ಲಿಗೆ ಬಂದವರೆಲ್ಲ ಅನಾಥರಾಗಿರಲಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ಎಷ್ಟೋ ಮಕ್ಕಳಿಗೆ ತಂದೆತಾಯಿಗಳಿದ್ದರು. ನಾಲ್ಕು ಬೆಟ್ಟದಾಚೆ ಜಲ್ಲಿ ಒಡೆಯುತ್ತಿದ್ದರು. ಮಗು ಬದುಕಲಿ ಎಂದೇ ಅವರು ಮಗುವನ್ನು ಬಿಟ್ಟುಕೊಟ್ಟಿದ್ದರು. ಇದರ ಇನ್ನೊಂದು ತುದಿ ಸ್ವಿಟ್ಜರ್‌ಲೆಂಡಿನಲ್ಲಿದೆ. 1960ರ ದಶಕದ ಮೊದಲ ವರ್ಷಗಳಲ್ಲಿ ನೂರೈವತ್ತಕ್ಕೂ ಹೆಚ್ಚು ಟಿಬೆಟನ್ ಮಕ್ಕಳನ್ನು ಅಲ್ಲಿಯ ಕುಟುಂಬಗಳು ಸಾಕಿಕೊಂಡವು. ಅವರಲ್ಲಿಯೂ ಅನೇಕರಿಗೆ ಹೆತ್ತವರಿದ್ದರು. ಬೆಳೆದು ದೊಡ್ಡವರಾಗಿ ತಾಯಿಯನ್ನು ಹುಡುಕಿಕೊಂಡು ಭಾರತಕ್ಕೆ ಬಂದವರಿಗೆ ತಾಯಿ ಸಿಕ್ಕಿದರೂ ಮಾತು ಸಿಗಲಿಲ್ಲ. ಇವರ ನಾಲಗೆಯಿಂದ ಟಿಬೆಟನ್ ಹೊರಟುಹೋಗಿತ್ತು. ನಡುವೆ ದುಭಾಷಿಯನ್ನು ಕೂರಿಸಿಕೊಂಡು ತಾಯಿಮಕ್ಕಳು ಮಾತಾಡಬೇಕಾದ ಸ್ಥಿತಿಯನ್ನು ಊಹಿಸಿಕೊಂಡರೆ ಸಾಕು. ಒಳ್ಳೆಯ ಉದ್ದೇಶದಿಂದ ಮಾಡಿದ ಕೆಲಸಕ್ಕೂ ಎಂಥ ಬೆಲೆ ತೆರಬೇಕಾಗಬಹುದೆಂಬುದು ಅದರಿಂದ ತಿಳಿಯುತ್ತದೆ.

ಈ ಹಿನ್ನೆಲೆಯನ್ನು ಇಟ್ಟುಕೊಂಡು ನೋಡಿದರೆ ಮೈಸೂರು ರಾಜ್ಯ ಕೊಟ್ಟ ಭೂಮಿಯ ಮಹತ್ವ ತಿಳಿಯುತ್ತದೆ. ಟಿಬೆಟನ್ನರು ಚೆದುರಿಹೋಗದೆ ಒಟ್ಟಾಗಿ ನೆಲೆಸಬೇಕು, ಅವರ ಮಕ್ಕಳಿಗೆ ಪ್ರತ್ಯೇಕ ಶಾಲೆಗಳಿರಬೇಕು ಎಂದು ದಲೈ ಲಾಮಾ ನೆಹರೂ ಅವರನ್ನು ಕೇಳಿಕೊಂಡರು. ನೆಹರೂ ಎರಡಕ್ಕೂ ಒಪ್ಪಿದರು. ಮಕ್ಕಳು ತಮ್ಮ ನುಡಿ ಸಂಸ್ಕೃತಿಗಳನ್ನು ಕಲಿಯಲಿ, ಜೊತೆಗೆ ಇಂಗ್ಲಿಷಿನಲ್ಲಿ ಆಧುನಿಕ ವಿದ್ಯೆಯನ್ನೂ ಪಡೆಯಲಿ ಎಂಬುದು ಅವರ ಅಭಿಪ್ರಾಯವಾಗಿತ್ತು. 1961ರಲ್ಲಿ ಕೇಂದ್ರದ ಶಿಕ್ಷಣ ಇಲಾಖೆಯ ಆಶ್ರಯದಲ್ಲಿ ಟಿಬೆಟನ್ ಶಾಲೆಗಳ ಸಂಘವೊಂದು ಹುಟ್ಟಿತು; ಖರ್ಚನ್ನು ಭಾರತ ಸರ್ಕಾರವೇ ವಹಿಸಿತು. ಭೂಮಿಗಾಗಿ ನೆಹರೂ ರಾಜ್ಯಗಳಿಗೆ ಪತ್ರ ಬರೆದರು. ದೊಡ್ಡ ಪ್ರಮಾಣದಲ್ಲಿ ಮೊದಲು ಕೈನೀಡಿದ್ದು ಮೈಸೂರು ರಾಜ್ಯ. ಆ 1960ರಲ್ಲಿ ಬಿ. ಡಿ. ಜತ್ತಿಯವರು ಮುಖ್ಯಮಂತ್ರಿಗಳಾಗಿದ್ದರು, ಎಸ್. ನಿಜಲಿಂಗಪ್ಪನವರ ಉಪಕಾರವನ್ನಂತೂ ದಲೈ ಲಾಮಾ ಮತ್ತೆ ಮತ್ತೆ ಕೃತಜ್ಞತೆಯಿಂದ ನೆನೆದಿದ್ದಾರೆ. ಬೈಲಕುಪ್ಪೆಯ ಬಳಿ ಸುಮಾರು 3,000 ಎಕರೆ ಕಾಡುಭೂಮಿಯನ್ನು ಗುತ್ತಿಗೆಯ ಮೇಲೆ ಬಿಟ್ಟುಕೊಡಲಾಯಿತು. 3,000 ಜನರನ್ನು ಅಲ್ಲಿ ನೆಲೆಗೊಳಿಸಬೇಕೆಂಬುದು ಲೆಕ್ಕಾಚಾರ, ತಲೆಗೊಂದು ಎಕರೆ.

ಮೊದಲ ತಂಡ ಬಂದದ್ದು 1960ರ ಕೊನೆಯಲ್ಲಿ. ಆಗ ಅಲ್ಲಿ ಹೊಲವಿರಲಿಲ್ಲ, ಕಾಡಿತ್ತು. ಗುಡಾರ ಹಾಕಿ ಮರ ಕಡಿದು, ಪೊದೆ ಸುಟ್ಟು, ಬೇರು ಕಿತ್ತು ನೆಲ ಹದಮಾಡಬೇಕು. ಸುಡುವ ಕಾಡಿನ ಬಿಸಿ, ಮೇಲೆ ದಕ್ಷಿಣದ ಬಿಸಿಲು. ಕಡಿಯುತ್ತಿದ್ದವರಲ್ಲಿ ಬಹಳ ಜನ ಕೊಡಲಿ ಹಿಡಿದವರೇ ಅಲ್ಲ. ಕುರಿ ಯಾಕ್‌ಗಳನ್ನು ಕಾದವರು, ವ್ಯಾಪಾರ ಮಾಡಿದವರು, ಪೂಜೆ ಪಾರಾಯಣಗಳಲ್ಲಿದ್ದವರು. ಇದಾಗದ ಕೆಲಸವೆಂದು ಅತ್ತವರಿದ್ದರು. ರಾತ್ರಿ ಆನೆಗಳು ಬಂದು ಬೆಳೆದದ್ದನ್ನು ತುಳಿದು ಹೋಗುತ್ತಿದ್ದವು. ಕೊಡಗಿನ ಅಂಚಿನ ರೈತನಿಗೆ ಆನೆ ಹಳೆಯ ಗುರುತಿನದು. ಟಿಬೆಟಿನವರು ಅದನ್ನು ಚಿತ್ರಪಟಗಳಲ್ಲಿ ನೋಡಿದ್ದರಷ್ಟೆ. ಆದರೂ ನೆಲ ನಿಂತಿತು. ಬಾರ್ಲಿ ಈ ಮಣ್ಣಿನಲ್ಲಿ ಬಾರದೆಂದು ತಿಳಿದಮೇಲೆ ಮುಸುಕಿನ ಜೋಳವನ್ನು ಬಿತ್ತಿದರು, ಅದು ಕೈಹಿಡಿಯಿತು. ಬೈಲಕುಪ್ಪೆಯ ಈ ಮೊದಲ ನೆಲೆಗೆ ಲುಗ್ಸುಂಗ್ ಸಂದುಪ್ಲಿಂಗ್ ಎಂದು ಹೆಸರಿಟ್ಟರು. 1966ರಲ್ಲಿ ಉತ್ತರ ಕನ್ನಡದ ಮುಂಡಗೋಡಿನಲ್ಲಿ, 1969ರಲ್ಲಿ ಬೈಲಕುಪ್ಪೆಯಲ್ಲಿಯೇ ಎರಡನೆಯದಾಗಿ, 1970ರ ದಶಕದ ಮೊದಲರ್ಧದಲ್ಲಿ ಹುಣಸೂರಿನ ಗುರುಪುರ ಮತ್ತು ಕೊಳ್ಳೇಗಾಲದ ಒಡೆಯರಪಾಳ್ಯಗಳಲ್ಲಿ ಹೊಸ ನೆಲೆಗಳಾದವು. ಈ ಕೆಲಸಕ್ಕೆ ನೆರವಾಗಲೆಂದು 1968ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆ ಮುಂದೆ ನಮ್ಮ ಹಳ್ಳಿಗಳ ಸೇವೆಗೆ ತಿರುಗಿದ್ದು ಇನ್ನೊಂದು ಕಥೆ.

ಈ ನೆಲೆಗಳಿಂದ ಆದ ದೊಡ್ಡ ಲಾಭ ಜೋಳವಲ್ಲ, ಒಲೆ ಎಂದು ನಾನು ತಿಳಿದಿದ್ದೇನೆ. ರಸ್ತೆ ಶಿಬಿರದಲ್ಲಿ ಒಲೆ ವಾರಕ್ಕೊಮ್ಮೆ ಜಾಗ ಬದಲಾಯಿಸುತ್ತಿತ್ತು. ಇಲ್ಲಿ ಇಟ್ಟಿಗೆ ಗೋಡೆಯ ನಡುವೆ ಅದು ನಿಂತಿತು. ಅಪ್ಪ ಅಮ್ಮ ಹೊಲದಿಂದ ಬರುವ ಹೊತ್ತಿಗೆ ಮಗು ಶಾಲೆಯಿಂದ ಬರುವುದು ಸಾಧ್ಯವಾಯಿತು. ಅಜ್ಜಿ ಮಣಿ ಎಣಿಸುತ್ತ ಮೊಮ್ಮಗುವಿಗೆ ಊರಿನ ಕಥೆ ಹೇಳುವುದು ಸಾಧ್ಯವಾಯಿತು. ಟಿಬೆಟನ್ ಭಾಷೆಯಲ್ಲಿ ತಾಯಿಗೆ ಅಮಾ-ಲಾ, ತಂದೆಗೆ ಪಾ-ಲಾ, ಅಜ್ಜಿಗೆ ಮೋ-ಲಾ ಎನ್ನುತ್ತಾರೆ. ಕೊನೆಯ 'ಲಾ' ನಮ್ಮ 'ಅವರು' ಇದ್ದ ಹಾಗೆ, ಮರ್ಯಾದೆಗೆ. ಈ ಮೂರು ಮಾತುಗಳನ್ನೂ ಒಂದೇ ಸೂರಿನಡಿ ಆಡುವ ಭಾಗ್ಯ ಆ ಮಕ್ಕಳಿಗೆ ದೊರೆಯಿತು. ಹುಟ್ಟಿದ ಮಗುವಿಗೆ ಹೆಸರು ಬೇಡಿ ಧರ್ಮಶಾಲೆಗೆ ಕೇಳಿಕಳುಹಿಸುವ ರೂಢಿ ಬೆಳೆಯಿತು. ದಲೈ ಲಾಮಾ ಅವರ ಹೆಸರಿನ ತೆನ್‌ಜಿನ್ ಎಂಬ ಭಾಗವೇ ಮಕ್ಕಳಿಗೆ ಮೊದಲ ಹೆಸರಾಗಿ ಬಂತು. ಹೀಗಾಗಿ ಒಂದು ತರಗತಿಯಲ್ಲಿ ಉಪಾಧ್ಯಾಯರು 'ತೆನ್‌ಜಿನ್' ಎಂದು ಕೂಗಿದರೆ ಅರ್ಧ ತರಗತಿಯೇ ಎದ್ದು ನಿಲ್ಲುವಂತಾಯಿತು. ಇದು ನಗುವ ಸಂಗತಿಯಾದರೂ ಅದರ ಒಳಗೊಂದು ಅರ್ಥವಿದೆ. ಊರು ಮನೆ ಹೊಲಗಳ ಹೆಸರನ್ನು ಮಗನಿಗೆ ಕೊಡಲಾರದ ತಂದೆ ಒಂದು ಹೆಸರನ್ನಾದರೂ ಎಲ್ಲರಿಗೂ ಸಮನಾಗಿ ಹಂಚಿದ ಹಾಗೆ.

ಆದರೆ ಈ ತಂದೆತಾಯಿಗಳ ಮುಂದೆ ಒಂದು ಕಠಿಣವಾದ ಪ್ರಶ್ನೆ ಯಾವಾಗಲೂ ಇತ್ತು. ಮನೆ ಗಟ್ಟಿಯಾಗಿ ಕಟ್ಟಬೇಕು. ಅದೇ ಮನೆಯಲ್ಲಿ ಬೆಳೆಯುವ ಮಗುವಿಗೆ ಇದು ನಮ್ಮ ಮನೆಯಲ್ಲ, ಒಂದು ದಿನ ಹಿಂದಿರುಗಬೇಕು ಎಂದು ಹೇಳಿಕೊಡಬೇಕು. ಮಗು ಹುಟ್ಟಿದ್ದು ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ, ಕುಡಿದದ್ದು ಇಲ್ಲಿಯ ನೀರು, ಆಡಿದ್ದು ಈ ಕೆಂಪು ಮಣ್ಣಿನಲ್ಲಿ. ಅದಕ್ಕೆ ಹಿಮವೆಂದರೆ ಗೋಡೆಗೆ ತೂಗುಹಾಕಿದ ಪೋತಲಾ ಅರಮನೆಯ ಪಟದ ಹಿಂದಿನ ಬಿಳುಪು ಮಾತ್ರ. ತಾನು ನೋಡದ ನಾಡನ್ನು ಮಗು ನೆನೆಯಬೇಕೆಂದರೆ ಹೆತ್ತವರು ಎಷ್ಟು ಸಲ ಆ ನೆನಪನ್ನು ಬಾಯಿಬಿಟ್ಟು ಆಡಬೇಕು! ಅದೂ ತಮಗೆ ನೋವು ಕೊಡುವ ನೆನಪು. ಕೆಲವರು ಪ್ರತಿ ರಾತ್ರಿ ಹೇಳಿದರು; ಕೆಲವರು ಬಾಯನ್ನೇ ತೆರೆಯಲಿಲ್ಲ. ಎರಡು ಬಗೆಯ ಮನೆಗಳಲ್ಲಿ ಬೆಳೆದವರನ್ನೂ ನಾನು ಬಲ್ಲೆ. ಬಾಯಿ ತೆರೆಯದ ತಂದೆಯ ಮಗನೇ ಹೆಚ್ಚು ಹುಡುಕಾಡುವುದನ್ನು ಕಂಡಿದ್ದೇನೆ.

ಇನ್ನೊಂದು ಕಷ್ಟ ಬರಿಯ ಗಣಿತದ್ದು. ತಲೆಗೊಂದು ಎಕರೆಯೆಂದು ಕೊಟ್ಟದ್ದು 1960ರ ಸುಮಾರಿನ ತಲೆಗಳಿಗೆ. ಮಕ್ಕಳು ಹುಟ್ಟಿದರು, ಮೊಮ್ಮಕ್ಕಳು ಹುಟ್ಟಿದರು, ಎಕರೆ ಹುಟ್ಟಲಿಲ್ಲ. ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೇ ಎಂಬ ನಮ್ಮ ಗಾದೆಯನ್ನು ನಂಬಿ ಕೂರುವ ಹಾಗಿರಲಿಲ್ಲ. ಮಳೆಯನ್ನೇ ನಂಬಿದ ಜೋಳದ ಬೆಳೆ ಅಕ್ಟೋಬರ್ ಹೊತ್ತಿಗೆ ಮುಗಿಯುತ್ತದೆ. ಅನಂತರದ ತಿಂಗಳುಗಳಲ್ಲಿ ಏನು ಮಾಡಬೇಕು? ಇದಕ್ಕೆ ಟಿಬೆಟನ್ನರು ಕಂಡುಕೊಂಡ ಉತ್ತರ ನಮಗೆಲ್ಲ ಗೊತ್ತಿರುವಂಥದೇ. ಮೈಸೂರಿನಲ್ಲಿ ನಾನು ಓದುತ್ತಿದ್ದ ಕಾಲಕ್ಕೆ ಚಳಿ ಶುರುವಾಯಿತೆಂದರೆ ರಸ್ತೆಯ ಬದಿಯಲ್ಲಿ ಸ್ವೆಟರಿನ ಸಾಲುಗಳು ಎದ್ದುಬಿಡುತ್ತಿದ್ದವು. ಬೆಂಗಳೂರಿನಲ್ಲಿ, ಹುಬ್ಬಳ್ಳಿಯಲ್ಲಿ, ದೇಶದ ಎಷ್ಟೋ ಊರುಗಳಲ್ಲಿ ಹೀಗೆಯೇ. ಮೊದಮೊದಲು ಕೈಯಲ್ಲೇ ಹೆಣೆದವುಗಳಿದ್ದವು. ಬರಬರುತ್ತ ಲುಧಿಯಾನದ ಗಿರಣಿಗಳಿಂದ ಸಾಲಕ್ಕೆ ತಂದ ಮಾಲು ಹೆಚ್ಚಾಯಿತು. ಮುಖದಲ್ಲಿ ನಗುವಿಟ್ಟುಕೊಂಡು, 'ಒಂದೇ ರೇಟು' ಎಂದು ಅರ್ಧ ಕನ್ನಡ ಅರ್ಧ ಹಿಂದಿಯಲ್ಲಿ ಹೇಳುವ ಆ ಹೆಂಗಸಿನೊಡನೆ ಚೌಕಾಸಿ ಮಾಡದ ಮಧ್ಯಮ ವರ್ಗದ ಮನೆ ನಮ್ಮಲ್ಲಿ ಕಡಮೆ.

ಚೌಕಾಸಿ ಮಾಡುವಾಗ ಈ ಹೆಂಗಸಿನ ಮಕ್ಕಳು ಎಲ್ಲಿದ್ದಾರೆಂದು ನಾವು ಯೋಚಿಸುವುದಿಲ್ಲ. ಅಕ್ಟೋಬರಿನಿಂದ ಜನವರಿಯವರೆಗೆ ಗಂಡಹೆಂಡಿರಿಬ್ಬರೂ ಊರು ಬಿಟ್ಟಿರುತ್ತಾರೆ. ಮಕ್ಕಳು ಅಜ್ಜಿಯ ಬಳಿ. ಅಜ್ಜಿ ಇಲ್ಲದಿದ್ದರೆ ಶಾಲೆಯ ಹಾಸ್ಟೆಲಿನಲ್ಲಿ. ಅವರು ಮರಳಿ ಬರುವುದು ಲೋಸಾರ್ ಎಂಬ ಹೊಸವರ್ಷದ ಹಬ್ಬದ ಹೊತ್ತಿಗೆ. ಅದು ಫೆಬ್ರವರಿಯಲ್ಲೋ ಮಾರ್ಚಿಯಲ್ಲೋ ಬೀಳುತ್ತದೆ. ರಸ್ತೆ ಶಿಬಿರದಲ್ಲಿ ಶುರುವಾದ ಅಗಲಿಕೆ, ಭೂಮಿ ಸಿಕ್ಕಿದಮೇಲೆ ಮುಗಿಯಿತೆಂದುಕೊಂಡದ್ದು, ವರ್ಷಕ್ಕೆ ಮೂರು ನಾಲ್ಕು ತಿಂಗಳಿನ ಅಗಲಿಕೆಯಾಗಿ ಮತ್ತೆ ಬಂತು. ನಮ್ಮ ಮಕ್ಕಳು ಆ ಉಣ್ಣೆಯನ್ನು ತೊಟ್ಟು ಬೆಚ್ಚಗೆ ಶಾಲೆಗೆ ಹೋದರು. ಅದನ್ನು ಮಾರಿದವಳ ಮಕ್ಕಳು ಹಾಸ್ಟೆಲಿನಲ್ಲಿ ಚಳಿಗಾಲ ಕಳೆದರು. ಯಾರನ್ನೂ ದೂರುವುದಕ್ಕೆ ಈ ಮಾತನ್ನು ಬರೆಯುತ್ತಿಲ್ಲ. ವ್ಯಾಪಾರ ನ್ಯಾಯವಾದದ್ದೇ, ಎರಡು ಕಡೆಗೂ ಲಾಭವಾದದ್ದೇ. ಆದರೆ ಲೆಕ್ಕದ ಪುಸ್ತಕದಲ್ಲಿ ಬರೆಯದೆ ಬಿಟ್ಟ ಒಂದು ಖರ್ಚು ಇದು.

ಇಷ್ಟರಲ್ಲಿ ಇನ್ನೊಂದು ಬಗೆಯ ಮಕ್ಕಳೂ ಈ ಶಾಲೆಗಳಿಗೆ ಬರತೊಡಗಿದ್ದರು. 1980ರ ದಶಕದಿಂದ ಟಿಬೆಟಿನೊಳಗೇ ಉಳಿದ ತಂದೆತಾಯಿಗಳು, ಟಿಬೆಟನ್ ಕಲಿಯಲೆಂದು, ದಲೈ ಲಾಮಾ ಅವರ ನೆರಳಿನಲ್ಲಿ ಬೆಳೆಯಲೆಂದು, ತಮ್ಮ ಚಿಕ್ಕ ಮಕ್ಕಳನ್ನು ದಾರಿ ತೋರಿಸುವವನ ಕೈಗೊಪ್ಪಿಸಿ ಹಿಮಾಲಯವನ್ನು ದಾಟಿಸುತ್ತಿದ್ದರು. ಏಳೆಂಟು ವರ್ಷದ ಮಕ್ಕಳೂ ಅವರಲ್ಲಿದ್ದರು. ಅಂಥ ಸಾವಿರಾರು ಮಕ್ಕಳು ಬಂದರು. 2008ರ ಅನಂತರ ಗಡಿಯ ಕಾವಲು ಬಿಗಿಯಾಗಿ ಆ ಹರಿವು ಬತ್ತಿತು. ಮನೆಯವರೊಡನೆ ಇರಲೆಂದು ದಕ್ಷಿಣಕ್ಕೆ ಬಂದವರ ಮಕ್ಕಳೂ, ಮನೆಯವರನ್ನು ಬಿಟ್ಟು ಉತ್ತರದಿಂದ ಬಂದ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಕುಳಿತು ಊಟಮಾಡಿದರು. ಮಕ್ಕಳ ಗ್ರಾಮದ ಪ್ರತಿ ಮನೆಯಲ್ಲಿ ಹಲವು ಮಕ್ಕಳಿಗೆ ಒಬ್ಬ ಸಾಕುತಾಯಿ ಇರುತ್ತಾಳೆ. ಆಕೆಯನ್ನೂ ಅಮಾ-ಲಾ ಎಂದೇ ಕರೆಯುತ್ತಾರೆ. ಹಾಗಾಗಿ ಈ ಸಮಾಜದಲ್ಲಿ ಹೆತ್ತವಳಿಗೂ ಸಾಕಿದವಳಿಗೂ ಒಂದೇ ಹೆಸರು. ನಮ್ಮ ಯಶೋದೆ ದೇವಕಿಯರ ಕಥೆ ಕೇಳಿ ಬೆಳೆದವರಿಗೆ ಇದು ವಿಚಿತ್ರವೆನಿಸದು.

1990ರಲ್ಲಿ ಅಮೆರಿಕ ತನ್ನ ವಲಸೆ ಕಾನೂನಿನಲ್ಲಿ ಭಾರತ ನೇಪಾಳಗಳಲ್ಲಿದ್ದ 1,000 ಟಿಬೆಟನ್ನರಿಗೆ ಅವಕಾಶ ಕೊಟ್ಟಿತು. ಆಯ್ಕೆಯಾದವರು ಮೊದಲು ಒಬ್ಬೊಬ್ಬರಾಗಿ ಹೋದರು. ಗಂಡನೋ ಹೆಂಡತಿಯೋ ಮಕ್ಕಳೋ ಅವರನ್ನು ಸೇರಲು ವರ್ಷಗಳೇ ಹಿಡಿದವು. ಅಲ್ಲಿಂದಾಚೆಗೆ ನ್ಯೂಯಾರ್ಕ್, ಟೊರಾಂಟೋಗಳಲ್ಲಿ ಟಿಬೆಟನ್ನರ ಕೇರಿಗಳೇ ಬೆಳೆದಿವೆ. ನ್ಯೂಯಾರ್ಕಿನಲ್ಲಿ ಟಿಬೆಟನ್ ಹೆಂಗಸರು ಬಹಳವಾಗಿ ಹಿಡಿದ ಕೆಲಸವೆಂದರೆ ಪರರ ಮಕ್ಕಳನ್ನು ನೋಡಿಕೊಳ್ಳುವುದು. ಮಕ್ಕಳನ್ನು ಪ್ರೀತಿಯಿಂದ ಆಡಿಸುತ್ತಾರೆಂದು ಅವರಿಗೆ ಅಲ್ಲಿ ಒಳ್ಳೆಯ ಹೆಸರು. ಅಲ್ಲಿ ಒಂದು ಮಗುವಿಗೆ ಊಟ ಮಾಡಿಸಿ, ಆ ದುಡ್ಡನ್ನು ಇಲ್ಲಿ ಹಾಸ್ಟೆಲಿನಲ್ಲಿರುವ ತನ್ನ ಮಗುವಿನ ಊಟಕ್ಕೆ ಕಳುಹಿಸುವ ತಾಯಿಯನ್ನು ನೆನೆಸಿಕೊಂಡಾಗ ನನಗೆ ಮಸ್ಸೂರಿಯ ತಾರಿಂಗ್ ಅವರ ನೆನಪಾಗುತ್ತದೆ.

ಇಲ್ಲಿಯೇ ಉಳಿದವರಿಗೂ ಪ್ರಶ್ನೆಗಳು ತಪ್ಪಲಿಲ್ಲ. ನಮ್ಮ ಪೌರತ್ವ ಕಾನೂನಿನ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರು. ಟಿಬೆಟನ್ನರಿಗೂ ಇದು ಅನ್ವಯಿಸುತ್ತದೆಂದು 2010ರಲ್ಲಿ ದೆಹಲಿ ಹೈಕೋರ್ಟೂ 2013ರಲ್ಲಿ ಕರ್ನಾಟಕ ಹೈಕೋರ್ಟೂ ಹೇಳಿದವು. ಅಲ್ಲಿಯವರೆಗೆ ವಿದೇಶೀಯರ ನೋಂದಣಿ ಪತ್ರವೊಂದನ್ನೇ ಹಿಡಿದು, ಕಾಲಕಾಲಕ್ಕೆ ಪೊಲೀಸು ಕಚೇರಿಯಲ್ಲಿ ಅದನ್ನು ನವೀಕರಿಸಿಕೊಂಡು ಬಾಳಿದ ಮನೆಗಳಲ್ಲಿ ಚರ್ಚೆ ಹುಟ್ಟಿತು. ಪೌರನಾದರೆ ಕೆಲಸ, ಪಾಸ್‌ಪೋರ್ಟು, ಸ್ವಂತ ಭೂಮಿ. ಆಗದಿದ್ದರೆ ಹಿರಿಯರು ಕೊಟ್ಟ ಮಾತು. ನಿರಾಶ್ರಿತನಾಗಿಯೇ ಉಳಿಯುವುದು ಹಟವೆಂದು ನಮಗೆ ತೋರಬಹುದು. ಮರಳಿ ಹೋಗುತ್ತೇವೆಂಬ ಹಕ್ಕನ್ನು ಜೀವಂತವಾಗಿಟ್ಟುಕೊಳ್ಳುವ ದಾರಿ ಅದೊಂದೇ ಎಂದು ನಂಬಿದ ಮುದುಕನಿಗೆ ಅದು ಹಟವಲ್ಲ. ಅಪ್ಪ ಒಂದು ಕಡೆ, ಮಗ ಒಂದು ಕಡೆ ಇರುವ ಮನೆಗಳನ್ನು ನಾನು ನೋಡಿದ್ದೇನೆ. ಇಬ್ಬರ ಮಾತಿನಲ್ಲಿಯೂ ನ್ಯಾಯವಿತ್ತು.

ಕೆಲವು ವರ್ಷಗಳ ಹಿಂದೆ ಒಂದನೇ ಕ್ಯಾಂಪಿನ ಬಳಿ ಸಣ್ಣ ಅಂಗಡಿಯೊಂದರ ಜಗಲಿಯಲ್ಲಿ ಕುಳಿತಿದ್ದ ಮುದುಕಿಯೊಬ್ಬರನ್ನು ಮಾತಾಡಿಸಿದೆ. ಕೈಯಲ್ಲಿ ಪ್ರಾರ್ಥನೆಯ ಚಕ್ರ ತಿರುಗುತ್ತಿತ್ತು. ಅಂಗಡಿಯನ್ನು ನೋಡಿಕೊಳ್ಳುತ್ತಿದ್ದವಳು ಪಕ್ಕದ ಹಳ್ಳಿಯ ನಮ್ಮ ಹುಡುಗಿ.

"ಅಜ್ಜೀ, ಮಕ್ಕಳು ಎಲ್ಲಿದ್ದಾರೆ?" ಎಂದೆ.

"ಮಗ ಅಮೆರಿಕಾ. ಮಗಳು ಬೆಂಗಳೂರು, ಆಸ್ಪತ್ರೆ ಕೆಲಸ. ಮೊಮ್ಮಗ ಹಾಸ್ಟೆಲ್" ಎಂದು ಬೆರಳು ಮಡಿಸಿ ಎಣಿಸಿದರು.

"ಮನೆಯಲ್ಲಿ ಯಾರಿದ್ದಾರೆ?"

ಅವರು ಅಂಗಡಿಯ ಹುಡುಗಿಯ ಕಡೆ ಗದ್ದ ಎತ್ತಿ ತೋರಿಸಿದರು. "ಇವಳು" ಎಂದರು. ಹುಡುಗಿ ನಕ್ಕು, "ನಮ್ಮ ಅಮ್ಮನೂ ಇವರ ಹೊಲದಲ್ಲೇ ಕೆಲಸ ಮಾಡ್ತಿದ್ದಿದ್ದು ಸಾರ್. ನಮ್ಮನ್ನೆಲ್ಲ ಮೋಲಾನೇ ಆಡಿಸಿದ್ದು" ಎಂದಳು.

ಈ ಕೊನೆಯ ಮಾತನ್ನು ನಾನು ಮರೆತಿಲ್ಲ. ಟಿಬೆಟನ್ನರ ಹೊಲಗಳಲ್ಲಿ ಕಳೆ ಕಿತ್ತವರು, ಅವರ ಮನೆಗಳಲ್ಲಿ ಅಡುಗೆ ಮಾಡಿದವರು ಸುತ್ತಲಿನ ಹಳ್ಳಿಗಳ ಬಡವರು. ಅವರಲ್ಲಿ ಕೆಲವರಿಗೆ, ಹೊರಗಿನಿಂದ ಬಂದವರಿಗೆ ಎಕರೆ ಸಿಕ್ಕಿತು, ಈ ನೆಲದಲ್ಲೇ ಹುಟ್ಟಿದ ತಮಗೆ ಸಿಗಲಿಲ್ಲ ಎಂಬ ನೋವುಂಟು. ಅದನ್ನು ಮುಚ್ಚಿಟ್ಟು ಬರೆಯುವ ಇತಿಹಾಸ ಪೂರ್ತಿಯಾಗದು. ಆ ನೋವಿನ ಜೊತೆಜೊತೆಗೇ, ಹೊಲದ ಬದುವಿನ ಮೇಲೆ ಎರಡೂ ಕಡೆಯ ಕೂಸುಗಳನ್ನು ಒಟ್ಟಿಗೆ ಮಲಗಿಸಿ ಯಾರಾದರೊಬ್ಬ ಮುದುಕಿ ಕಾದದ್ದೂ ನಿಜ. ಕನ್ನಡ ಬಲ್ಲ ಟಿಬೆಟನ್ನರೂ ಟಿಬೆಟನ್ ಬಲ್ಲ ಕನ್ನಡಿಗರೂ ತಯಾರಾದದ್ದು ಈ ಬದುಗಳ ಮೇಲೆ. ಸರ್ಕಾರದ ಯಾವ ಯೋಜನೆಯಲ್ಲಿಯೂ ಇದಕ್ಕೊಂದು ಬಾಬತ್ತಿರಲಿಲ್ಲ.

ಬೈಲಕುಪ್ಪೆಯ ಪುನರ್ವಸತಿ ಯಶಸ್ವಿಯಾಯಿತೇ ಎಂದು ಕೇಳಿದರೆ ನನ್ನ ಉತ್ತರ ಹೀಗಿದೆ. ಒಂದು ಭಾಷೆ ಉಳಿಯಿತು, ಒಂದು ಧರ್ಮ ಉಳಿಯಿತು, ಓದು ಬಲ್ಲ ಒಂದು ತಲೆಮಾರು ಬೆಳೆಯಿತು. 80,000 ಜನ ಚೆದುರಿ ಕಾಣೆಯಾಗಲಿಲ್ಲ. ಇದು ಸಣ್ಣ ಸಾಧನೆಯಲ್ಲ. ನಮ್ಮ ರಾಜ್ಯಕ್ಕೆ ಇದರಲ್ಲಿ ಹೆಮ್ಮೆಪಡುವ ಪಾಲಿದೆ. ಆದರೆ ಇದರ ಬೆಲೆಯನ್ನು ತೆತ್ತವರು ಮಗುವನ್ನು ಬದುಕಿಸುವುದಕ್ಕಾಗಿ ಮಗುವನ್ನು ದೂರವಿಟ್ಟ ತಂದೆತಾಯಿಗಳು. ಒಂದು ತಲೆಮಾರು ರಸ್ತೆಯ ಕೂಲಿಗಾಗಿ, ಎರಡನೆಯದು ಸ್ವೆಟರಿಗಾಗಿ, ಮೂರನೆಯದು ಹೊರದೇಶದ ಸಂಬಳಕ್ಕಾಗಿ ಮಕ್ಕಳನ್ನು ಅಗಲಿತು. ಈಗ ಶಾಲೆಗಳಲ್ಲಿ ಮಕ್ಕಳು ಕಡಮೆಯಾಗುತ್ತಿದ್ದಾರೆ. ವೃದ್ಧಾಶ್ರಮದ ಬಿಸಿಲಿನಲ್ಲಿ ಕೂರುವವರು ಉಳಿದಿದ್ದಾರೆ.

1961ರಲ್ಲಿ ಇಪ್ಪತ್ತರ ವಯಸ್ಸಿನಲ್ಲಿ ಬೈಲಕುಪ್ಪೆಯ ಕಾಡಿಗೆ ಕೊಡಲಿ ಹಾಕಿದವರು ಇಂದು ಎಂಬತ್ತು ದಾಟಿದ್ದಾರೆ. ಅವರ ಮಾತನ್ನು ಟಿಬೆಟನ್ನಿನಲ್ಲಿಯೂ ಇಂಗ್ಲಿಷಿನಲ್ಲಿಯೂ ಕೆಲವರು ಬರೆದಿಟ್ಟಿದ್ದಾರೆ. ಕನ್ನಡದಲ್ಲಿಯೂ ಅದು ಆಗಬೇಕು, ಏಕೆಂದರೆ ಅವರ ಬಾಳಿನ ಹೆಚ್ಚು ಭಾಗ ಕಳೆದದ್ದು ಕನ್ನಡದ ನೆಲದಲ್ಲಿ, ಅವರೊಡನೆ ಗೆಯ್ದವರು ಕನ್ನಡದ ಜನ. ಮೈಸೂರಿನ ವಿಶ್ವವಿದ್ಯಾನಿಲಯಕ್ಕೆ ಬೈಲಕುಪ್ಪೆ ಎರಡು ಗಂಟೆಯ ದಾರಿ. ಇತಿಹಾಸ ಓದುವ ಹತ್ತು ಜನ ವಿದ್ಯಾರ್ಥಿಗಳು ಒಂದು ಬೇಸಗೆ ರಜೆಯಲ್ಲಿ ಅಲ್ಲಿಗೆ ಹೋಗಿ, ಎಕರೆಯ ಲೆಕ್ಕವನ್ನು ಬದಿಗಿಟ್ಟು, ನಿಮ್ಮ ಮಕ್ಕಳನ್ನು ಹೇಗೆ ಬೆಳೆಸಿದಿರಿ ಎಂಬ ಒಂದೇ ಪ್ರಶ್ನೆಯನ್ನು ಆ ಅಜ್ಜ ಅಜ್ಜಿಯರಿಗೆ ಕೇಳಿ, ಕೊಟ್ಟ ಉತ್ತರವನ್ನು ಹಾಗೆಯೇ ಬರೆದುಕೊಂಡು ಬಂದರೆ ಸಾಕು. ಹೊತ್ತು ಮೀರುವ ಮೊದಲು ಆಗಬೇಕಾದ ಕೆಲಸವಿದು.